ಕಾರ್ ವಾಷ್ ಪಂಪಿನ ಮೋಟಾರು ಪದೇ ಪದೇ ಸುಡುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ಕಾರ್ ವಾಷ್ ನಡೆಸುವ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಪ್ರೆಷರ್ ಪಂಪಿನ ಮೋಟಾರನ್ನು ಎರಡು ಬಾರಿ ರೀವೈಂಡಿಂಗ್ (ಒಳಗಿನ ಸುಟ್ಟ ಕಾಯಿಲು, ಅಂದರೆ ವೈಂಡಿಂಗ್, ತೆಗೆದು ಹೊಸ ತಾಮ್ರದ ತಂತಿ ಸುತ್ತುವುದು) ಮಾಡಿಸಿದ್ದಾಯಿತು, ಅದು ಮತ್ತೆ ಸುಟ್ಟಿತು, ಇನ್ನು ಯಾವ ಕಂಪನಿಯದನ್ನು ಕೊಂಡರೆ ಬಾಳಿಕೆ ಬಂದೀತು ಎಂಬುದು ಆ ಪ್ರಶ್ನೆ. ಇದಕ್ಕೆ ಕಂಪನಿಯ ಹೆಸರು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಇಂಡಕ್ಷನ್ ಮೋಟಾರು ಬಹಳ ಸರಳವಾದ ಯಂತ್ರ. ಒಣ ಜಾಗದಲ್ಲಿ, ಸರಿಯಾದ ವೋಲ್ಟೇಜಿನಲ್ಲಿ, ತನ್ನ ಶಕ್ತಿಗೆ ತಕ್ಕ ಹೊರೆಯನ್ನು ಹೊತ್ತು ಓಡಿದರೆ ಅದು ವರ್ಷಗಟ್ಟಲೆ ತಂಟೆ ಕೊಡುವುದಿಲ್ಲ. ಕೆಲವೇ ತಿಂಗಳಿಗೊಮ್ಮೆ ಸುಡುತ್ತಿದ್ದರೆ ಅದನ್ನು ಸುಡುತ್ತಿರುವ ಕಾರಣ ಮೋಟಾರಿನ ಹೊರಗಿರುವ ಸಾಧ್ಯತೆಯೇ ಹೆಚ್ಚು. ಆ ಕಾರಣವನ್ನು ಪತ್ತೆ ಹಚ್ಚದೆ ರೀವೈಂಡಿಂಗ್ ಮಾಡಿಸಿದರೆ ಮುಂದಿನ ಸಲ ಸುಡಲು ಹೊಸ ತಾಮ್ರವನ್ನು ಒದಗಿಸಿದಂತಾಗುತ್ತದೆ.

ಈ ಲೇಖನದಲ್ಲಿ ಆ ಹುಡುಕಾಟದ ಕ್ರಮವನ್ನು ವಿವರಿಸಿದ್ದೇನೆ. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಮೊದಲಿನವು ಖರ್ಚಿಲ್ಲದವು, ಕೊನೆಯವು ದುಬಾರಿ.

ಬೇಕಾಗುವ ಸಾಮಾನು

ಒಂದು ಮಲ್ಟಿಮೀಟರ್, ಒಂದು ಕ್ಲ್ಯಾಂಪ್ ಮೀಟರ್, ಒಂದು ಮೆಗ್ಗರ್, ಪಂಪಿನ ಔಟ್‌ಲೆಟ್‌ನಲ್ಲಿ ಕೆಲಸ ಮಾಡುವ ಪ್ರೆಷರ್ ಗೇಜ್, ಒಂದು ನೋಟ್‌ಬುಕ್. ಕ್ಲ್ಯಾಂಪ್ ಮೀಟರ್ ಎಂದರೆ ವೈರನ್ನು ಕತ್ತರಿಸದೆ ಅದರ ಸುತ್ತ ಇಕ್ಕಳದಂತೆ ಹಿಡಿದು ಕರೆಂಟನ್ನು ಅಳೆಯುವ ಮೀಟರು. ಮೆಗ್ಗರ್ ಎಂದರೆ 500 ವೋಲ್ಟ್ ಡಿಸಿ ಹಾಯಿಸಿ ವೈಂಡಿಂಗಿಗೂ ಮೋಟಾರಿನ ಮೈಗೂ ನಡುವಿನ ಇನ್ಸುಲೇಷನ್ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಉಪಕರಣ. ಮೆಗ್ಗರನ್ನು ಕೊಳ್ಳಬೇಕಾಗಿಲ್ಲ, ಎಲೆಕ್ಟ್ರಿಷಿಯನ್ ಬಳಿ ಇದ್ದರೆ ಸಾಕು. ಕ್ಲ್ಯಾಂಪ್ ಮೀಟರನ್ನು ಮಾತ್ರ ನಿಮ್ಮದೇ ಆಗಿ ಇಟ್ಟುಕೊಳ್ಳಿ.

ಎಚ್ಚರಿಕೆ: ನೀರು, ಒದ್ದೆ ನೆಲ ಮತ್ತು ವಿದ್ಯುತ್ ಮೂರೂ ಒಂದೇ ಕಡೆ ಸೇರುವ ಜಾಗವಿದು. ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ಚನ್ನು ಆಫ್ ಮಾಡಿ ಬೀಗ ಹಾಕಿ, ಬೀಗದ ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಟರ್ಮಿನಲ್‌ನಲ್ಲಿ ಕರೆಂಟಿಲ್ಲ ಎಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಗನ್ನಿನ ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡವನ್ನು ಬಿಡಿ. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರ್ ಸ್ವಿಚ್ ಆಫ್ ಆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ, ಆದ್ದರಿಂದ ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡದೆ ಮುಟ್ಟಬಾರದು. ಲೈನ್ ಚಾಲೂ ಇರುವಾಗ ಮಾಡಬೇಕಾದ ಅಳತೆಗಳನ್ನೆಲ್ಲ ಅರ್ಹ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತು ಅಂಕಿಗಳನ್ನು ಬರೆದುಕೊಳ್ಳಿ.

ಹಂತ 1: ನೇಮ್‌ಪ್ಲೇಟ್ ಓದಿ

ಮೋಟಾರಿನ ಮೈಮೇಲಿನ ತಗಡಿನ ಫಲಕವನ್ನು ಒರೆಸಿ, ಅದರಲ್ಲಿರುವುದನ್ನೆಲ್ಲ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ: ವೋಲ್ಟ್, ಆಂಪಿಯರ್, ಕಿಲೋವ್ಯಾಟ್ ಅಥವಾ ಎಚ್‌ಪಿ (1 ಎಚ್‌ಪಿ ಎಂದರೆ 746 ವ್ಯಾಟ್), ನಿಮಿಷಕ್ಕೆ ಸುತ್ತು, ಇನ್ಸುಲೇಷನ್ ಕ್ಲಾಸ್, ಐಪಿ ಸಂಖ್ಯೆ (ದೂಳು, ನೀರು ಒಳಹೋಗದಂತೆ ತಡೆಯುವ ಮಟ್ಟ). ಮುಂದಿನ ಎಲ್ಲ ಹಂತಗಳಲ್ಲೂ ಬೇಕಾಗುವ ಅಂಕಿ ಆಂಪಿಯರ್. ಪೂರ್ಣ ಹೊರೆಯಲ್ಲಿ ಮೋಟಾರು ಎಳೆಯಬಹುದಾದ ಕರೆಂಟು ಅದು. ಇನ್ಸುಲೇಷನ್ ಕ್ಲಾಸ್ ಎಂದರೆ ವೈಂಡಿಂಗ್ ತಾಳಿಕೊಳ್ಳಬಲ್ಲ ಗರಿಷ್ಠ ಉಷ್ಣತೆ. ಬಿ ಕ್ಲಾಸಿಗೆ 130, ಎಫ್‌ಗೆ 155, ಎಚ್‌ಗೆ 180 ಡಿಗ್ರಿ ಸೆಲ್ಸಿಯಸ್. ಆ ಮಿತಿಯ ಮೇಲೆ ಪ್ರತಿ 10 ಡಿಗ್ರಿ ಏರಿದಾಗ ಇನ್ಸುಲೇಷನ್ನಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ವೈಂಡಿಂಗ್ ಕೆಲಸದವರೆಲ್ಲ ಬಲ್ಲ ಲೆಕ್ಕ.

ಫಲಕ ಕಿತ್ತುಹೋಗಿದ್ದರೆ ಅಥವಾ ಬಣ್ಣ ಬಳಿದು ಮುಚ್ಚಿದ್ದರೆ ಆ ಮೋಟಾರಿನ ಬಗ್ಗೆ ಯಾರ ಅಂದಾಜನ್ನೂ ನಂಬಬೇಡಿ.

ಹಂತ 2: ಸುಟ್ಟ ಕಾಯಿಲನ್ನು ಕೀಳುವ ಮೊದಲು ನೋಡಿ

ಮೋಟಾರು ಈಗಾಗಲೇ ಸುಟ್ಟಿದ್ದರೆ, ರೀವೈಂಡಿಂಗ್ ಅಂಗಡಿಯವರಿಗೆ ಒಂದು ಮಾತು ಹೇಳಿ: ಹಳೆಯ ಕಾಯಿಲನ್ನು ಕಿತ್ತುಹಾಕುವ ಮೊದಲು ನನಗೆ ತೋರಿಸಿ, ಅಥವಾ ಫೋಟೊ ತೆಗೆದು ಕಳಿಸಿ. ಅಂಗಡಿಯಲ್ಲಿ ಮೊದಲು ಗುಜರಿಗೆ ಹೋಗುವುದು ಈ ಕಾಯಿಲು, ಅದರ ಜೊತೆಗೆ ಹೋಗುವುದು ಸುಟ್ಟ ಕಾರಣದ ಸಾಕ್ಷ್ಯ.

ಮೂರು ಫೇಸಿನ ಮೋಟಾರಿನಲ್ಲಿ ಎಲ್ಲ ಕಾಯಿಲುಗಳೂ ಸಮವಾಗಿ ಕಪ್ಪಾಗಿದ್ದರೆ ಕಾರಣ ಅತಿಭಾರ, ಲೋ ವೋಲ್ಟೇಜ್, ಗಾಳಿಯಾಡದ ಜಾಗ ಅಥವಾ ಪಂಪು ಜಾಮ್ ಆದದ್ದು. ಕೆಲವು ಗುಂಪುಗಳು ಕಪ್ಪಾಗಿ ಉಳಿದವು ಹೊಸದರಂತೆ ಹೊಳೆಯುತ್ತಿದ್ದರೆ ಒಂದು ಫೇಸ್ ಹೋದ ಮೇಲೂ ಮೋಟಾರು ಓಡಿದೆ ಎಂದರ್ಥ. ಸ್ಟಾರ್ ಜೋಡಣೆಯಲ್ಲಿ (ಮೂರು ಫೇಸುಗಳ ಕಾಯಿಲಿನ ಒಂದೊಂದು ತುದಿ ಒಂದೇ ಕಡೆ ಸೇರಿರುತ್ತದೆ) ಎರಡು ಫೇಸುಗಳ ಕಾಯಿಲು ಸುಟ್ಟು ಒಂದು ಉಳಿಯುತ್ತದೆ, ಡೆಲ್ಟಾ ಜೋಡಣೆಯಲ್ಲಿ (ಮೂರೂ ತ್ರಿಕೋನದಂತೆ ಸೇರಿರುತ್ತವೆ) ಒಂದು ಸುಟ್ಟು ಎರಡು ಉಳಿಯುತ್ತವೆ. ಇಡೀ ವೈಂಡಿಂಗ್ ಚೆನ್ನಾಗಿದ್ದು ಒಂದೇ ಜಾಗದಲ್ಲಿ ಸಣ್ಣ ಗಾಯವಿದ್ದರೆ ತೇವ, ವೋಲ್ಟೇಜಿನ ಹಠಾತ್ ಏರಿಕೆ ಅಥವಾ ವೈಂಡಿಂಗ್ ಮಾಡುವಾಗ ಗೀಚಿದ ತಂತಿಯನ್ನು ಅನುಮಾನಿಸಿ. ಕಾಯಿಲಿನ ತುದಿಗಳಲ್ಲಿ ಹಸಿರು ಬಣ್ಣ, ಒಳಗೋಡೆಯಲ್ಲಿ ತುಕ್ಕಿನ ಗೆರೆ ಕಂಡರೆ ಒಳಗೆ ನೀರು ಹೋಗಿದೆ. ಆಗ ನೇರವಾಗಿ 6ನೇ ಹಂತಕ್ಕೆ ಹೋಗಿ, ಉಳಿದವನ್ನು ಆಮೇಲೆ ನೋಡಿ.

ಹಂತ 3: ವೋಲ್ಟೇಜನ್ನು ಮೋಟಾರಿನ ಟರ್ಮಿನಲ್‌ನಲ್ಲೇ ಅಳೆಯಿರಿ

ಬಹಳ ಮಂದಿ ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ ಸರಿಯಿದೆ ಎಂದುಬಿಡುತ್ತಾರೆ. ಮೋಟಾರಿಗೆ ಅಷ್ಟೂ ತಲಪುತ್ತದೆ ಎಂದಲ್ಲ. ಪಂಪು ಪೂರ್ಣ ಒತ್ತಡದಲ್ಲಿ ಓಡುತ್ತಿರುವಾಗ ಮೋಟಾರಿನ ಟರ್ಮಿನಲ್ ಬಾಕ್ಸಿನಲ್ಲಿ ಅಳೆಯಬೇಕು, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದು ಎಷ್ಟಕ್ಕೆ ಕುಸಿಯುತ್ತದೆ ಎಂಬುದನ್ನೂ ನೋಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 230 ವೋಲ್ಟಿನ ಸಿಂಗಲ್ ಫೇಸ್ ಮೋಟಾರು 15 ಆಂಪಿಯರ್ ಎಳೆಯುತ್ತದೆ, ಬೋರ್ಡಿನಿಂದ 30 ಮೀಟರ್ ದೂರದಲ್ಲಿದೆ, ಕೇಬಲ್ 2.5 ಚದರ ಮಿಲಿಮೀಟರಿನ ತಾಮ್ರದ್ದು. ಈ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ 60 ಮೀಟರಿಗೆ 0.44 ಓಮ್ ಆಗುತ್ತದೆ. ಓಡುವಾಗ ನಷ್ಟವಾಗುವುದು 7 ವೋಲ್ಟಿನೊಳಗೆ, ಚಿಂತೆಯಿಲ್ಲ. ಆದರೆ ಸ್ಟಾರ್ಟ್ ಆಗುವಾಗ ಮೋಟಾರು ಸಾಮಾನ್ಯ ಕರೆಂಟಿನ 5ರಿಂದ 8 ಪಟ್ಟು ಎಳೆಯುತ್ತದೆ. 6 ಪಟ್ಟು ಎಂದರೂ 90 ಆಂಪಿಯರ್, ಕೇಬಲಿನಲ್ಲೇ ಹತ್ತಿರ ಹತ್ತಿರ 40 ವೋಲ್ಟ್ ಕಳೆದುಹೋಗುತ್ತದೆ. ತಿರುಗಿಸುವ ಬಲ, ಅಂದರೆ ಟಾರ್ಕ್, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ ಉಳಿಯುವ ಬಲ ಶೇ 70ರಷ್ಟು ಮಾತ್ರ. ಮೋಟಾರು ಗುಂಯ್‌ಗುಡುತ್ತಾ ನಿಂತುಬಿಡುವುದು ಇಂಥ ಹೊತ್ತಿನಲ್ಲೇ. ಎಕ್ಸ್‌ಟೆನ್ಷನ್ ಕೇಬಲನ್ನು ಸುರುಳಿ ಸುತ್ತಿದಂತೆಯೇ ಬಿಟ್ಟು ಬಳಸುವವರಿಗೆ ಇನ್ನೊಂದು ಅಪಾಯವಿದೆ: ಸುರುಳಿಯೊಳಗೆ ಬಿಸಿ ಹೊರಹೋಗದೆ ಕೇಬಲೇ ಕರಗಬಹುದು.

ಓಡುವಾಗಿನ ವೋಲ್ಟೇಜ್ ನೇಮ್‌ಪ್ಲೇಟಿನ ಅಂಕಿಗಿಂತ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗದಿದ್ದರೆ ಒಳ್ಳೆಯದು. ಶೇ 10 ದಾಟಿದರೆ ಮೋಟಾರನ್ನು ಓಡಿಸಲೇಬಾರದು. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ ಎಂಬ ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಪಂಪಿನ ಹೊರೆ ಹಾಗೆಯೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟು ಎಳೆದು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ, ಬಿಸಿಯಾಗುತ್ತದೆ.

ಮೂರು ಫೇಸ್ ಇದ್ದರೆ ಮೂರೂ ಜೋಡಿಗಳನ್ನು ಅಳೆದು ಅಸಮತೋಲನವನ್ನು ಲೆಕ್ಕ ಹಾಕಿ. 410, 400, 390 ವೋಲ್ಟ್ ಬಂದಿದೆ ಎನ್ನೋಣ. ಸರಾಸರಿ 400, ಅದರಿಂದ ಅತಿ ಹೆಚ್ಚಿನ ವ್ಯತ್ಯಾಸ 10, ಅಂದರೆ ಶೇ 2.5. ಕೇಳಲು ಅಲ್ಪವೆನಿಸುತ್ತದೆ. ಆದರೆ ಕರೆಂಟಿನ ಅಸಮತೋಲನ ವೋಲ್ಟೇಜಿನದರ 6ರಿಂದ 10 ಪಟ್ಟು ಆಗಬಹುದು, ಹಾಗಾಗಿ ಒಂದು ಫೇಸಿನ ಕಾಯಿಲು ಉಳಿದೆರಡಕ್ಕಿಂತ ಬಹಳ ಬಿಸಿಯಾಗುತ್ತದೆ. ಶೇ 1ರೊಳಗೆ ಇದ್ದರೆ ನೆಮ್ಮದಿ. ಹೆಚ್ಚಿದ್ದರೆ ಮೊದಲು ನಿಮ್ಮಲ್ಲೇ ಸಡಿಲವಾದ ಟರ್ಮಿನಲ್, ಸುಟ್ಟ ಫ್ಯೂಸ್ ಹಿಡಿ, ಕಪ್ಪಾದ ಕಾಂಟ್ಯಾಕ್ಟರ್ (ಸ್ಟಾರ್ಟರಿನೊಳಗೆ ಮೋಟಾರಿಗೆ ಲೈನ್ ಕೊಡುವ ಸ್ವಿಚ್) ಪಾಯಿಂಟುಗಳನ್ನು ನೋಡಿ. ಅಲ್ಲಿ ತಪ್ಪಿಲ್ಲದಿದ್ದರೆ ಮಾತ್ರ ವಿದ್ಯುತ್ ಸರಬರಾಜು ಮಾಡುವವರಿಗೆ ಅಂಕಿಗಳ ಸಮೇತ ದೂರು ಕೊಡಿ.

ಹಂತ 4: ಸ್ಟಾರ್ಟರ್, ಓವರ್‌ಲೋಡ್ ರಿಲೇ, ಕೆಪಾಸಿಟರ್

ಓವರ್‌ಲೋಡ್ ರಿಲೇ ಎಂದರೆ ಮೋಟಾರು ಮಿತಿ ಮೀರಿ ಕರೆಂಟು ಎಳೆದಾಗ ಸ್ವಲ್ಪ ಹೊತ್ತು ಕಾದು ಲೈನನ್ನು ಕಡಿಯುವ ಕಾವಲುಗಾರ. ಅದರ ಮೇಲಿನ ಗುಂಡಿಯನ್ನು ನೇಮ್‌ಪ್ಲೇಟಿನ ಆಂಪಿಯರಿಗೆ ಸರಿಯಾಗಿ ಇಡಬೇಕು. ಮೋಟಾರನ್ನು ಸ್ಟಾರ್ ಜೋಡಣೆಯಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯನ್ನು ವೈಂಡಿಂಗಿನ ಜೊತೆಗೆ ಸರಣಿಯಲ್ಲಿ ಕೂರಿಸಿದ್ದರೆ ಆ ಅಂಕಿಯ 0.58 ಪಟ್ಟಿಗೆ ಇಡಬೇಕು. ಇಲ್ಲಿ ನಡೆಯುವ ಸಾಮಾನ್ಯ ತಪ್ಪೆಂದರೆ, ಟ್ರಿಪ್ ಆಗುತ್ತಿದೆಯೆಂದು ಗುಂಡಿಯನ್ನು ಮೇಲಕ್ಕೆ ತಿರುಗಿಸುವುದು. ಗಿರಾಕಿಗಳ ಸಾಲು ನಿಂತಿರುವಾಗ ಆ ಆಸೆ ಅರ್ಥವಾಗುವಂಥದ್ದೇ. ಆದರೆ ಆ ತಿರುವಿನ ನಂತರ ಟ್ರಿಪ್ ಆಗಬೇಕಾದದ್ದು ಕಾಯಿಲೇ ಆಗಿರುತ್ತದೆ. ರಿಲೇ ಆಟೋ ರೀಸೆಟ್‌ನಲ್ಲಿದ್ದರೆ ಮ್ಯಾನ್ಯುಯಲ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಯಾರೋ ಪಂಪು ಬಿಚ್ಚುತ್ತಿರುವಾಗ ಅದು ತಾನಾಗಿ ಓಡಲಾರಂಭಿಸಬಹುದು. ಮೂರು ಫೇಸ್ ಇರುವವರು ಸಿಂಗಲ್ ಫೇಸ್ ಪ್ರಿವೆಂಟರನ್ನು, ಅಂದರೆ ಒಂದು ಫೇಸ್ ಹೋದ ಕೂಡಲೇ ಮೋಟಾರನ್ನು ನಿಲ್ಲಿಸುವ ರಿಲೇಯನ್ನು, ಕಡ್ಡಾಯವಾಗಿ ಹಾಕಿಸಿ.

ಸಿಂಗಲ್ ಫೇಸ್ ಮೋಟಾರು ಗುಂಯ್‌ಗುಟ್ಟಿ ನಿಂತರೆ, ವೋಲ್ಟೇಜ್ ಸರಿಯಿದ್ದ ಪಕ್ಷದಲ್ಲಿ, ಮೊದಲ ಅನುಮಾನ ಕೆಪಾಸಿಟರಿನ ಮೇಲೆ. ಮಲ್ಟಿಮೀಟರಿನಲ್ಲಿ ಮೈಕ್ರೋಫ್ಯಾರಡ್ ಅಳೆದು, ರನ್ ಕೆಪಾಸಿಟರಿನ (ಮೋಟಾರು ಓಡುವಾಗಲೂ ಲೈನಿನಲ್ಲಿರುವುದು) ಮೇಲೆ ಬರೆದ ಅಂಕಿಯಿಂದ ಶೇ 10ಕ್ಕಿಂತ ಹೆಚ್ಚು ಇಳಿದಿದ್ದರೆ ಬದಲಾಯಿಸಿ. ಉಬ್ಬಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಹೊಸದು ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜಿನದಾಗಿರಬೇಕು. ಕೆಪಾಸಿಟರ್ ಹೊಸದಾದರೂ ಸ್ಟಾರ್ಟ್ ಆಗದಿದ್ದರೆ ಸೆಂಟ್ರಿಫ್ಯೂಗಲ್ ಸ್ವಿಚ್ ನೋಡಿ. ವೇಗ ಹಿಡಿದ ಮೇಲೆ ಸ್ಟಾರ್ಟ್ ವೈಂಡಿಂಗನ್ನು ಬಿಡಿಸುವ ಸ್ವಿಚ್ ಅದು. ಪಾಯಿಂಟುಗಳು ಅಂಟಿಕೊಂಡು ಬಿಡದಿದ್ದರೆ ಸ್ಟಾರ್ಟ್ ವೈಂಡಿಂಗ್ ಸ್ವಲ್ಪ ಹೊತ್ತಿನಲ್ಲೇ ಸುಡುತ್ತದೆ.

ಹಂತ 5: ಪಂಪು ಎಷ್ಟು ಕೇಳುತ್ತಿದೆ, ಲೆಕ್ಕ ಹಾಕಿ

ಕಾರ್ ವಾಷಿನಲ್ಲಿ ಮೋಟಾರಿನ ಹೊರೆಯನ್ನು ತೀರ್ಮಾನಿಸುವವರು ಮೂರು ಮಂದಿ: ಪಂಪು, ನಾಜಲ್ ಮತ್ತು ಅನ್‌ಲೋಡರ್ ವಾಲ್ವ್. ಅನ್‌ಲೋಡರ್ ಎಂದರೆ ಗನ್ ಮುಚ್ಚಿದಾಗ ಅಥವಾ ಒತ್ತಡ ಮಿತಿ ಮುಟ್ಟಿದಾಗ ನೀರನ್ನು ಬೈಪಾಸ್ ದಾರಿಗೆ ತಿರುಗಿಸುವ ಸ್ಪ್ರಿಂಗ್ ವಾಲ್ವ್.

ಲೆಕ್ಕ ಸುಲಭ. ಒತ್ತಡವನ್ನು ಬಾರ್‌ನಲ್ಲಿ, ಹರಿವನ್ನು ನಿಮಿಷಕ್ಕೆ ಲೀಟರ್‌ನಲ್ಲಿ ತೆಗೆದುಕೊಂಡು ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 100 ಬಾರ್, ನಿಮಿಷಕ್ಕೆ 15 ಲೀಟರ್ ಇದ್ದರೆ 2.5 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ 85 ಎಂದು ಹಿಡಿದರೆ ಮೋಟಾರಿನ ಶಾಫ್ಟಿನಲ್ಲಿ ಬೇಕಾಗುವುದು 2.9ಕ್ಕಿಂತ ಸ್ವಲ್ಪ ಹೆಚ್ಚು. ಇದಕ್ಕೆ 3 ಕಿಲೋವ್ಯಾಟ್ ಮೋಟಾರು ಹೇಗೋ ಸಾಕಾಗುತ್ತದೆ, 2.2 ಕಿಲೋವ್ಯಾಟಿನದು ಸುಡುತ್ತದೆ. ಫೋಮ್ ತೊಳೆಯಲು ಸಾಕಾದೀತೆಂದು ಸಣ್ಣ ಮೋಟಾರು ಕೂರಿಸಿದ ಕಡೆ ಎಷ್ಟು ಸಲ ರೀವೈಂಡಿಂಗ್ ಮಾಡಿಸಿದರೂ ಫಲ ಒಂದೇ.

ಈಗ ಅಳತೆಗೆ ಬನ್ನಿ. ಗನ್ ಒತ್ತಿ ಹಿಡಿದು, ಗೇಜಿನ ಒತ್ತಡವನ್ನೂ ಕ್ಲ್ಯಾಂಪ್ ಮೀಟರಿನ ಆಂಪಿಯರನ್ನೂ ಒಟ್ಟಿಗೆ ಬರೆದುಕೊಳ್ಳಿ. ನಂತರ ಗನ್ ಬಿಟ್ಟು ಬೈಪಾಸಿನಲ್ಲಿ ಮತ್ತೆ ಬರೆಯಿರಿ. ಅನ್‌ಲೋಡರ್ ಸರಿಯಿದ್ದರೆ ಬೈಪಾಸಿನಲ್ಲಿ ಕರೆಂಟು ಸ್ಪಷ್ಟವಾಗಿ ಇಳಿಯಬೇಕು. ಇಳಿಯದಿದ್ದರೆ ವಾಲ್ವಿನ ಪಿಸ್ಟನ್ ಸುಣ್ಣದಂಶದಿಂದ ಅಥವಾ ಕಸದಿಂದ ಕಚ್ಚಿಕೊಂಡಿದೆ, ಮೋಟಾರು ವಿಶ್ರಾಂತಿಯೆಂದು ನಾವು ಭಾವಿಸುವ ಹೊತ್ತಿನಲ್ಲೂ ಪೂರ್ತಿ ದುಡಿಯುತ್ತಿದೆ.

ನಾಜಲಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬಳಸುತ್ತಾ ನಾಜಲಿನ ತೂತು ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಸಾಲದೆಂದು ಯಾರೋ ಅನ್‌ಲೋಡರಿನ ಸ್ಪ್ರಿಂಗನ್ನು ಬಿಗಿಮಾಡುತ್ತಾರೆ. ಮುಂದೊಂದು ದಿನ ಹೊಸ ನಾಜಲ್ ಹಾಕುತ್ತಾರೆ, ಅದೂ ಅಂಗಡಿಯಲ್ಲಿ ಸಿಕ್ಕಿದ, ಒಂದು ಅಳತೆ ಚಿಕ್ಕದನ್ನು. ಆಗ ಒತ್ತಡ ಮಿತಿ ಮೀರಿ ಏರುತ್ತದೆ, ತಡೆಯಬೇಕಾದ ಅನ್‌ಲೋಡರ್ ಬಿಗಿಯಾಗಿ ಕುಳಿತಿರುತ್ತದೆ. ಆ ವಾರವೇ ಮೋಟಾರು ಸುಟ್ಟರೆ ಹಳೆಯ ನಾಜಲಿನ ನೆನಪು ಯಾರಿಗೂ ಬರುವುದಿಲ್ಲ. ಆದ್ದರಿಂದ ನಾಜಲ್ ಬದಲಾಯಿಸಿದಾಗಲೆಲ್ಲ ಗೇಜ್ ಮತ್ತು ಆಂಪಿಯರ್ ನೋಡುವುದನ್ನು ನಿಯಮ ಮಾಡಿಕೊಳ್ಳಿ.

ಸ್ಟಾರ್ಟ್ ಮಾಡುವಾಗ ಗನ್ ಒತ್ತಿ ಹಿಡಿದಿರಲಿ. ಪೈಪಿನಲ್ಲಿ ಒತ್ತಡ ನಿಂತಿರುವಾಗ ಮೋಟಾರು ಹೊರೆಯನ್ನು ಎತ್ತಿಕೊಂಡೇ ಎದ್ದೇಳಬೇಕಾಗುತ್ತದೆ.

ಹಂತ 6: ನೀರು ಒಳಹೋಗುವ ದಾರಿಗಳು

ಮೋಟಾರಿನ ಮೇಲೆ ಐಪಿ 55 ಎಂದಿದ್ದರೆ ಅದನ್ನು ಗನ್ನಿನಿಂದ ತೊಳೆಯಬಹುದೆಂದು ಹಲವರು ನಂಬಿದ್ದಾರೆ. ಆ ಎರಡನೆಯ 5 ನೀರಿನ ಚಿಮ್ಮುವಿಕೆಯನ್ನು ತಡೆಯುವ ಮಟ್ಟವನ್ನು ಹೇಳುತ್ತದೆ ನಿಜ. ಆದರೆ ಅದರ ಪರೀಕ್ಷೆ ನಡೆಯುವುದು 6.3 ಮಿಲಿಮೀಟರ್ ನಾಜಲಿನಿಂದ, ನಿಮಿಷಕ್ಕೆ 12.5 ಲೀಟರ್ ನೀರನ್ನು, ಎರಡೂವರೆಯಿಂದ ಮೂರು ಮೀಟರ್ ದೂರದಿಂದ ಹಾಯಿಸಿ. ಅಲ್ಲಿನ ಒತ್ತಡ ಸುಮಾರು 0.3 ಬಾರ್. ನಿಮ್ಮ ಗನ್ನಿನದು 100 ಬಾರ್ ಅಥವಾ ಅದಕ್ಕೂ ಮೇಲೆ. ಸಂಜೆ ನೆಲ ತೊಳೆಯುವ ಹುಡುಗರು ಮೋಟಾರಿನ ಮೇಲೂ ಒಂದು ಸುತ್ತು ಗನ್ ಹಾಯಿಸುವುದು ಶುಚಿತ್ವದ ಉತ್ಸಾಹದಿಂದಲೇ. ಅವರನ್ನು ಗದರಿಸುವುದಕ್ಕಿಂತ ಮೋಟಾರಿಗೆ ಒಂದು ಮರೆ ಕಟ್ಟಿಸುವುದು ಕ್ಷೇಮ. ಮರೆ ಗಾಳಿಯನ್ನು ಮಾತ್ರ ತಡೆಯಬಾರದು. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ನೀರು ನಿಲ್ಲುತ್ತದೆ, ಬಿಸಿಯಿಂದ ಮೋಟಾರು ಸಾಯುತ್ತದೆ, ರಾತ್ರಿ ಒಳಗೆ ಹನಿಗಟ್ಟುತ್ತದೆ.

ಎರಡನೆಯ ದಾರಿ ಕಣ್ಣಿಗೆ ಕಾಣದ್ದು. ಪಂಪನ್ನು ನೇರವಾಗಿ ಮೋಟಾರಿಗೆ ಜೋಡಿಸಿದ ಯಂತ್ರಗಳಲ್ಲಿ ಪಂಪಿನ ಸೀಲ್ ಸವೆದಾಗ ಸೋರಿದ ನೀರು ಶಾಫ್ಟಿನ ಗುಂಟ ಹರಿದು ಮೋಟಾರಿನ ಮುಂದಿನ ಬೇರಿಂಗಿಗೆ ತಲಪುತ್ತದೆ. ಮೊದಲು ಗ್ರೀಸ್ ತೊಳೆದುಹೋಗುತ್ತದೆ, ಆಮೇಲೆ ಬೇರಿಂಗ್ ಕೂಗುತ್ತದೆ, ಕೊನೆಗೆ ವೈಂಡಿಂಗ್ ಒದ್ದೆಯಾಗುತ್ತದೆ. ಪಂಪಿಗೂ ಮೋಟಾರಿಗೂ ನಡುವಿನ ಸಂದಿಯಲ್ಲಿ ಹನಿ ಕಂಡ ದಿನವೇ ಸೀಲ್ ಬದಲಾಯಿಸಿ. ಶಾಫ್ಟಿನ ಮೇಲೆ ರಬ್ಬರಿನ ಸ್ಲಿಂಗರ್ ಬಿಲ್ಲೆ ಇದ್ದರೆ ಅದು ಬರುವ ಹನಿಯನ್ನು ದೂರಕ್ಕೆ ಸಿಡಿಸುತ್ತದೆ.

ಮೂರನೆಯದು ಟರ್ಮಿನಲ್ ಬಾಕ್ಸ್. ಕೇಬಲ್ ಕೆಳಗಿನಿಂದ ಒಳಹೋಗುವಂತಿರಲಿ, ಹೊಕ್ಕುವ ಮುನ್ನ ಜೋಲಿಯಂತೆ ಒಂದು ಬಾಗು ಬಿಡಿ, ಹನಿ ಅಲ್ಲೇ ತೊಟ್ಟಿಕ್ಕಲಿ. ಗ್ಲ್ಯಾಂಡ್, ಅಂದರೆ ಕೇಬಲ್ ಒಳಹೊಕ್ಕುವ ತೂತಿನಲ್ಲಿ ಅದನ್ನು ಬಿಗಿಹಿಡಿಯುವ ಭಾಗ, ಕೇಬಲಿನ ಅಳತೆಗೆ ಸರಿಯಾಗಿರಬೇಕು. ಮೋಟಾರಿನ ತಳದಲ್ಲಿರುವ ಡ್ರೈನ್ ತೂತನ್ನು ಸಿಲಿಕೋನ್ ಹಾಕಿ ಮುಚ್ಚುವ ತಪ್ಪನ್ನು ಮಾಡಬೇಡಿ, ಒಳಗೆ ಹನಿಗಟ್ಟಿದ ನೀರು ಹೊರಬರಲು ಅದೊಂದೇ ದಾರಿ.

ಒದ್ದೆಯಾದ ಅನುಮಾನವಿದ್ದರೆ ವೈರುಗಳನ್ನು ಬಿಡಿಸಿ ಮೆಗ್ಗರ್ ಹಿಡಿಯಿರಿ, ಒಂದು ನಿಮಿಷದ ನಂತರದ ಅಂಕಿಯನ್ನು ಓದಿ. ಸಣ್ಣ ಮೋಟಾರುಗಳಿಗೆ 5 ಮೆಗಾಓಮ್ ಅಥವಾ ಹೆಚ್ಚು ಇರಬೇಕು. 1ಕ್ಕಿಂತ ಕಡಿಮೆಯಿದ್ದರೆ ಕರೆಂಟು ಕೊಡಲೇಬೇಡಿ. ಬಿಚ್ಚಿ, 80 ಡಿಗ್ರಿ ಮೀರದ ಬಿಸಿಗಾಳಿಯಲ್ಲಿ ಒಣಗಿಸುತ್ತಾ ಆಗಾಗ ಅಳೆಯಿರಿ. ಬಿಸಿಯಾಗುತ್ತಿದ್ದಂತೆ ಅಂಕಿ ಮೊದಲು ಇಳಿಯುತ್ತದೆ, ಹೆದರಬೇಡಿ, ತೇವ ಹೋದ ಹಾಗೆ ಏರಿ ನಿಲ್ಲುತ್ತದೆ.

ಎಚ್ಚರಿಕೆ: ಅರ್ಥ್ ಲೀಕೇಜ್ ಬ್ರೇಕರ್ ಮತ್ತೆ ಮತ್ತೆ ಬೀಳುತ್ತಿದ್ದರೆ ಅದನ್ನು ಬೈಪಾಸ್ ಮಾಡುವುದು ಪ್ರಾಣಕ್ಕೆ ಎರವಾಗುವ ಕೆಲಸ. ಅದು ಬೀಳುತ್ತಿರುವುದು ಕರೆಂಟು ನೆಲಕ್ಕೆ ಸೋರುತ್ತಿರುವುದರಿಂದ. ಆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿರುತ್ತಾರೆ.

ಹಂತ 7: ದಿನಕ್ಕೆ ಎಷ್ಟು ಸಲ ಸ್ಟಾರ್ಟ್ ಆಗುತ್ತದೆ?

ಟೋಟಲ್ ಸ್ಟಾಪ್ ಇರುವ ಯಂತ್ರಗಳಲ್ಲಿ ಗನ್ ಬಿಟ್ಟ ಕೂಡಲೇ ಮೋಟಾರು ನಿಲ್ಲುತ್ತದೆ, ಒತ್ತಿದ ಕೂಡಲೇ ಏಳುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣ, ಆದ್ದರಿಂದ ಆರು ಪಟ್ಟು ಕರೆಂಟೆಂದರೆ ಆ ಕ್ಷಣಗಳಲ್ಲಿ ಮೂವತ್ತಾರು ಪಟ್ಟು ಬಿಸಿ. ಒಂದು ಕಾರಿಗೆ ಇಪ್ಪತ್ತು ಸಲ ಟ್ರಿಗರ್ ಬಿಟ್ಟು ಒತ್ತುವ ಕೆಲಸಗಾರನ ಕೈಯಲ್ಲಿ ಯಾವ ಮೋಟಾರೂ ಉಳಿಯದು. ಗನ್ ಬಿಟ್ಟ ನಂತರ ಅರ್ಧದಿಂದ ಎರಡು ನಿಮಿಷ ಬೈಪಾಸಿನಲ್ಲಿ ಓಡಿ ಆಮೇಲೆ ನಿಲ್ಲುವಂತೆ ಟೈಮರ್ ಹಾಕಿಸಿ. ಅದಕ್ಕಿಂತ ಹೆಚ್ಚು ಹೊತ್ತು ಬೈಪಾಸಿನಲ್ಲಿ ಬಿಟ್ಟರೆ ಅದೇ ನೀರು ಸುತ್ತುತ್ತಾ ಕಾದು ಪಂಪಿನ ಸೀಲುಗಳನ್ನು ಹಾಳುಮಾಡುತ್ತದೆ, ಆ ಸೋರಿಕೆ ಮತ್ತೆ 6ನೇ ಹಂತಕ್ಕೆ ತಂದು ನಿಲ್ಲಿಸುತ್ತದೆ.

ಹಂತ 8: ಬೇರಿಂಗ್ ಮತ್ತು ಜೋಡಣೆ

ಸ್ವಿಚ್ ಆಫ್ ಮಾಡಿ, ಪಂಪಿನಿಂದ ಬಿಡಿಸಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಗರಗರ ಎಂದರೆ ಅಥವಾ ಅಲುಗಾಡಿದರೆ ಎರಡೂ ಬೇರಿಂಗುಗಳನ್ನು ಬದಲಾಯಿಸಿ. ಪಂಪಿನ ಬದಿಗೆ ರಬ್ಬರ್ ಸೀಲಿನ ಬೇರಿಂಗ್ ಕೇಳಿ. ಬೆಲ್ಟ್ ಇದ್ದರೆ ಎರಡೂ ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿ. ಬೆಲ್ಟನ್ನು ಅತಿಯಾಗಿ ಬಿಗಿದರೆ ಸವೆಯುವುದು ಬೇರಿಂಗೇ. ಹಿಂದಿನ ಫ್ಯಾನ್ ಕವರಿನ ಜಾಲರಿಯಲ್ಲಿ ಕಟ್ಟಿದ ಕೆಸರನ್ನು ಒಣ ಬ್ರಷ್ಷಿನಿಂದ ತೆಗೆಯಿರಿ.

ಹಂತ 9: ರೀವೈಂಡಿಂಗೋ ಹೊಸದೋ?

ಕಾರಣ ಸಿಕ್ಕಿ ಸರಿಪಡಿಸಿದ ಮೇಲೆ ಮಾತ್ರ ಈ ಪ್ರಶ್ನೆಗೆ ಅರ್ಥ. ಮೋಟಾರಿನ ಮೈ, ಶಾಫ್ಟ್, ಬೇರಿಂಗ್ ಕೂರುವ ಜಾಗ ಚೆನ್ನಾಗಿದ್ದರೆ ಒಂದು ಬಾರಿ ರೀವೈಂಡಿಂಗ್ ಮಾಡಿಸಬಹುದು. ಸುತ್ತುಗಳ ಸಂಖ್ಯೆ ಮತ್ತು ತಂತಿಯ ಗಾತ್ರ ಮೊದಲಿನಷ್ಟೇ ಇರಬೇಕು, ಎಫ್ ಕ್ಲಾಸಿನ ತಂತಿ ಬೇಕು, ವಾರ್ನಿಷ್ ಹಾಕಿ ಓವನಿನಲ್ಲಿ ಒಣಗಿಸಬೇಕು ಎಂದು ಬರೆಸಿಕೊಳ್ಳಿ. ಕಾಯಿಲಿನೊಳಗೆ ಥರ್ಮಿಸ್ಟರ್, ಅಂದರೆ ಬಿಸಿ ಮಿತಿ ದಾಟಿದರೆ ಸ್ಟಾರ್ಟರಿಗೆ ತಿಳಿಸುವ ಸಣ್ಣ ಮಣಿ, ಇಡಿಸಲು ಇದೇ ಸಮಯ. ಎರಡು ಮೂರು ಸಲ ಸುಟ್ಟು ಕೋರ್, ಅಂದರೆ ಕಾಯಿಲು ಕೂರುವ ಕಬ್ಬಿಣದ ತಗಡುಗಳ ಕಟ್ಟು, ನೀಲಿಗಟ್ಟಿದ್ದರೆ ನನ್ನ ಸಲಹೆ ಹೊಸದಕ್ಕೆ.

ಹೊಸದು ಕೊಳ್ಳುವಾಗ ಕಿಲೋವ್ಯಾಟ್ ಒಂದನ್ನೇ ನೋಡಬೇಡಿ. ಫ್ರೇಮ್ ಸಂಖ್ಯೆ (100 ಎಂದರೆ ಪಾದದಿಂದ ಶಾಫ್ಟಿನ ನಡುವಿಗೆ 100 ಮಿಲಿಮೀಟರ್ ಎತ್ತರ), ಶಾಫ್ಟಿನ ದಪ್ಪ, ಕೂರಿಸುವುದು ಪಾದದ ಮೇಲೋ ಮುಂಬದಿಯ ಫ್ಲ್ಯಾಂಜಿನಿಂದಲೋ, ನಿಮಿಷದ ಸುತ್ತು ಇವೆಲ್ಲ ಹೊಂದಬೇಕು. 1450 ಸುತ್ತಿನ ಪಂಪಿಗೆ 2900 ಸುತ್ತಿನ ಮೋಟಾರನ್ನು ನೇರವಾಗಿ ಜೋಡಿಸಿದರೆ ಎರಡೂ ಹಾಳಾಗುತ್ತವೆ. ಲೆಕ್ಕಕ್ಕಿಂತ ಬಹಳ ದೊಡ್ಡ ಮೋಟಾರನ್ನು ಕೂರಿಸುವುದೂ ಪರಿಹಾರವಲ್ಲ, ಕೆಟ್ಟ ಅನ್‌ಲೋಡರನ್ನು ಅದು ಮರೆಮಾಡುತ್ತದೆ, ಒಡೆಯುವ ಸರದಿ ಪಂಪಿನದಾಗುತ್ತದೆ. ಅನುಕೂಲವಿದ್ದವರು ಅದೇ ಅಳತೆಯ ಇನ್ನೊಂದು ಮೋಟಾರನ್ನು ಒಣ ಜಾಗದಲ್ಲಿ ಇಟ್ಟುಕೊಂಡು ತಿಂಗಳಿಗೊಮ್ಮೆ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಿರಲಿ.

ಕೂರಿಸಿದ ದಿನ ತಿರುಗುವ ದಿಕ್ಕನ್ನು ನೋಡಿ, ಓವರ್‌ಲೋಡ್ ರಿಲೇಯನ್ನು ಹೊಸ ನೇಮ್‌ಪ್ಲೇಟಿಗೆ ಹೊಂದಿಸಿ, ಅರ್ಧ ಗಂಟೆ ಪೂರ್ಣ ಒತ್ತಡದಲ್ಲಿ ಓಡಿಸಿ. ನಂತರದ ವೋಲ್ಟ್, ಆಂಪಿಯರ್ ಮತ್ತು ಬಾರ್ ಮೂರನ್ನೂ ತಾರೀಖಿನ ಸಮೇತ ಸ್ಟಾರ್ಟರಿನ ಬಾಗಿಲ ಒಳಬದಿಗೆ ಅಳಿಸದ ಪೆನ್ನಿನಿಂದ ಬರೆದಿಡಿ. ತಿಂಗಳಾದ ಮೇಲೆ ಮತ್ತೆ ಅಳೆಯಿರಿ. ಅದೇ ವೋಲ್ಟ್ ಮತ್ತು ಅದೇ ಬಾರ್‌ಗೆ ಆಂಪಿಯರ್ ಶೇ 10ರಷ್ಟು ಏರಿದ್ದರೆ ಮೋಟಾರನ್ನು ಬಿಚ್ಚಿಸುವ ಮೊದಲು ಪಂಪಿನ ಎಣ್ಣೆ, ಜೋಡಣೆ ಮತ್ತು ಬೇರಿಂಗುಗಳನ್ನು ನೋಡಿ.